ಬೆಲ್ಲ ಕೊಟ್ಟು ಕಲಿಸಿದ್ದು

ನನ್ನ ತಂಗಿ ತೀರಿಕೊಂಡಾಗ ಮಾತನಾಡಿಸಲು ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: "ಆಕಿಗೂ ಬಿಡುಗಡಿ ಆತು, ನಿನಗೂ ಆತು ಬಿಡು." ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಹೂಂ ಅಂದೆ. ಆಕೆ ಇಪ್ಪತ್ತಾರು ವರ್ಷ ಬದುಕಿದಳು. ಅದರಲ್ಲಿ ಆಕೆ ಚೆನ್ನಾಗಿದ್ದದ್ದು ಎಂಟು ತಿಂಗಳು. ಆ ಎಂಟು ತಿಂಗಳು ಹೇಗೆ ಮುಗಿದವು ಎಂಬುದು ನನಗೊಬ್ಬಳಿಗೇ ಪೂರ್ತಿ ಗೊತ್ತು.

ಆಗ ನಾವಿದ್ದದ್ದು ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ. ಅಪ್ಪ ಹತ್ತಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ, ನಾನು, ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ. ಆಕೆಗೆ ಆರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕಿವುಡಿಯಲ್ಲ. ಫ್ಯಾಕ್ಟರಿಯ ಭೋಂಗಾ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತುದಿಗಾಲಲ್ಲಿ ನಡೆಯುತ್ತಿದ್ದಳು. ಅನ್ನ, ಮೊಸರು, ಮಂಡಕ್ಕಿ, ಹೀಗೆ ಬಿಳಿಯದಾಗಿದ್ದರೆ ಮಾತ್ರ ತಿನ್ನುತ್ತಿದ್ದಳು. ಬೆಲ್ಲ ಒಂದನ್ನು ಬಿಟ್ಟು. ಡಬ್ಬಿಯ ಮುಚ್ಚಳ ಸಿಕ್ಕರೆ ನೆಲದ ಮೇಲೆ ತಿರುಗಿಸುತ್ತ ಮಧ್ಯಾಹ್ನವೆಲ್ಲ ಕೂರುವಳು. ತಲೆ ಬಾಚಲು ಹೋದರೆ ಓಣಿಯ ಕೊನೆಯವರೆಗೂ ಕೇಳುವಂತೆ ಕಿರುಚುವಳು.

ಅಜ್ಜಿ ಅವ್ವನಿಗೆ ಅನ್ನುತ್ತಿದ್ದಳು: "ನಮ್ಮ ಮನ್ಯಾಗ ಹಿಂಥಾದ್ದು ಹುಟ್ಟಿದ್ದಿಲ್ಲವ್ವಾ. ನಿಮ್ಮ ಕುರುಗೋಡಿನಿಂದ ಗಂಟು ಕಟ್ಟಿಕೊಂಡು ತಂದೀ ನೋಡು." ಅವ್ವ ಒಲೆಯ ಕಡೆ ಮುಖ ತಿರುಗಿಸಿಕೊಳ್ಳುವಳು.

ನಾಯಿ ಬಂದದ್ದು ಬೇಸಿಗೆಯಲ್ಲಿ. ಬಳ್ಳಾರಿಯ ಬಿಸಿಲಿಗೆ ಓಣಿಯ ನಾಯಿಗಳು ನೆರಳು ಹುಡುಕಿಕೊಂಡು ಎಲ್ಲಿ ಬೇಕಾದರೂ ನುಗ್ಗುತ್ತಿದ್ದವು. ನಮ್ಮ ಹಿತ್ತಲಲ್ಲಿ ನೀರು ತುಂಬಿದ ಮಣ್ಣಿನ ಹರವಿ ಇಡುವ ಕಲ್ಲುಕಟ್ಟೆಯಿತ್ತು. ಹರವಿಯಿಂದ ನೀರು ಜಿನುಗಿ ಕೆಳಗಿನ ನೆಲ ಸದಾ ತಣ್ಣಗಿರುತ್ತಿತ್ತು. ತಂಗಿ ಅಲ್ಲಿ ಕೂತು ಹನಿ ಬೀಳುವುದನ್ನು ನೋಡುತ್ತಿದ್ದಳು. ಒಂದು ದಿನ ಅಲ್ಲೇ ಒಂದು ಕಂದು ಬಣ್ಣದ ಹೆಣ್ಣುನಾಯಿ ಬಂದು ಮಲಗಿತು. ಅದರ ಒಂದು ಕಿವಿ ಹರಿದಿತ್ತು. ನಾನು ಓಡಿಸಲು ಕೋಲು ತೆಗೆದುಕೊಂಡು ಹೋದೆ. ಹೋಗಿ ನೋಡಿದರೆ ತಂಗಿ ಆ ಹರಿದ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಸವರುತ್ತಿದ್ದಾಳೆ. ನಾಯಿ ಅವಳನ್ನು ನೋಡುತ್ತಿರಲಿಲ್ಲ. ಅವಳೂ ನಾಯಿಯನ್ನು ನೋಡುತ್ತಿರಲಿಲ್ಲ. ಇಬ್ಬರೂ ಹನಿಯನ್ನು ನೋಡುತ್ತಿದ್ದರು.

ಆಮೇಲೆ ಅದು ಹೋಗಲಿಲ್ಲ. ಎಂಟು ಹತ್ತು ದಿನ ಕಳೆದ ಮೇಲೆ, ತಂಗಿ ಡಬ್ಬಿಯ ಮುಚ್ಚಳದಲ್ಲಿ ನೀರು ತುಂಬಿಕೊಂಡು ಹೋಗಿ ಅದರ ಮುಂದೆ ಇಟ್ಟಳು. ಅಲ್ಲಿಯವರೆಗೆ ಆಕೆ ಇನ್ನೊಬ್ಬರಿಗಾಗಿ ಏನನ್ನೂ ಮಾಡಿದವಳಲ್ಲ. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಬಂದು ನೋಡಿದಳು. ಆಮೇಲೆ ಅವ್ವನೇ ಒಂದು ಉಪಾಯ ಕಂಡುಕೊಂಡಳು. ನಾಯಿಯ ತಲೆಯನ್ನು ತಂಗಿಯ ತೊಡೆಯ ಮೇಲೆ ಇಡಿಸಿ ಹಿಂದಿನಿಂದ ಬಾಚಣಿಗೆ ಹಾಕಿದಳು. ತಂಗಿ ಕಿರುಚಲಿಲ್ಲ. ಎರಡು ಜಡೆ ಹಾಕಿ ಮುಗಿಸುವವರೆಗೂ ನಾಯಿಯ ಕಿವಿ ಸವರುತ್ತ ಕೂತಿದ್ದಳು.

ಓಣಿಯ ಕೊನೆಯಲ್ಲಿ ಒಬ್ಬ ಟೀಚರಮ್ಮ ಇದ್ದರು. ಕ್ರಿಶ್ಚಿಯನ್ನರು, ಮನೆಮಾತು ತೆಲುಗು. ತಮ್ಮ ಪಡಸಾಲೆಯಲ್ಲೇ ಹತ್ತು ಹನ್ನೆರಡು ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದರು. ತಂಗಿ ನಾಯಿಯ ಕುತ್ತಿಗೆಯ ಹಗ್ಗ ಹಿಡಿದು ಓಣಿಯಲ್ಲಿ ನಡೆಯುವುದನ್ನು ಅವರು ದಿನಾ ನೋಡುತ್ತಿದ್ದರಂತೆ. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ನಾಯಿಯನ್ನು ಮಾತನಾಡಿಸಿದರು: "ನಾಯಿಗಾರೂ, ಒಳಗ ಬರ್ರಿ. ಹೊರಗ ಬಿಸಲು ಐತಿ."

ನಾಯಿ ಒಳಗೆ ಹೋಯಿತು. ಅದರ ಹಿಂದೆ ತಂಗಿಯೂ ಹೋದಳು.

ಅವರ ರೀತಿಯೇ ಅದು. ತಂಗಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. "ನಾಯಿಗಾರು, ಪಾಟಿ ತಗೋರಿ," "ನಾಯಿಗಾರು, ಐದು ಕಲ್ಲು ಸಾಲಾಗಿ ಇಡ್ರಿ ನೋಡೋಣು," ಎಂದು ನಾಯಿಗೆ ಹೇಳಿ ಬೇರೆ ಮಕ್ಕಳ ಕಡೆ ತಿರುಗಿಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಂಗಿ ಕಲ್ಲು ಸಾಲಾಗಿ ಇಟ್ಟಿರುತ್ತಿದ್ದಳು. ಅವ್ವ ಇದನ್ನು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಮ್ಮ ಮನಿ ನಾಯಿ ಸಾಲಿಗೆ ಹೊಂಟೈತಿ ನೋಡವ್ವಾ, ಅದರ ಹಿಂದ ನನ್ನ ಮಗಳು ಹೊಂಟಾಳ."

ದಸರೆಯ ಹೊತ್ತಿಗೆ ತಂಗಿ ಒಂದು ಮಾತು ಆಡಿದಳು. "ಬಾ" ಅಂದಳು, ನಾಯಿಗೆ. ಟೀಚರಮ್ಮ ಅವ್ವನನ್ನು ಕರೆಸಿ ಹೇಳಿದರು: "ಅಕ್ಕಾ, ನನಗ ಒಂದು ವರ್ಷ ಕೊಡ್ರಿ. ಈಕಿ ಕಲೀತಾಳ. ನಾಯಿನ ಮಾತ್ರ ಬಿಡಸಬ್ಯಾಡ್ರಿ. ಆಕಿ ಅದರ ಜೋಡಿ ಬರಾಕತ್ಯಾಳ, ನಮ್ಮ ಜೋಡಿ ಅಲ್ಲ."

ಇಲ್ಲಿಂದ ಮುಂದಿನದು ನನ್ನದು.

ನನಗೆ ಹದಿನಾಲ್ಕು ವರ್ಷ. ನನ್ನ ಜೊತೆಯ ಹುಡುಗಿಯರು ನಮ್ಮ ಮನೆಯ ಮುಂದಿನ ಕಟ್ಟೆಗೆ ಆಡಲು ಬರುತ್ತಿದ್ದರು. "ನಿಮ್ಮ ತಂಗಿ ಮೂಕಿ ಅಲ್ಲೇನಲೇ?" ಎಂದು ಒಬ್ಬಳು ಕೇಳಿದಳು. ಇಲ್ಲ, ಮಾತಾಡುತ್ತಾಳೆ ಎಂದೆ. "ಮಾತಾಡಿಸು ಹಂಗಾರ" ಎಂದಳು. ಎಷ್ಟು ಕರೆದರೂ ತಂಗಿ ಬಾಯಿ ಬಿಡಲಿಲ್ಲ. ಎಲ್ಲರೂ ನಕ್ಕರು. ಮರುದಿನದಿಂದ ನಾನು ಆಕೆಗೆ ಬೊಗಳುವುದನ್ನು ಕಲಿಸಿದೆ. ನಾಯಿಯನ್ನು ತೋರಿಸಿ ನಾನು ಬೌ ಅನ್ನುವುದು, ಆಕೆ ಬೌ ಅಂದರೆ ಒಂದು ಚೂರು ಬೆಲ್ಲ. ಆಕೆ ಬೇಗ ಕಲಿತಳು. ನಾಯಿಗಾಗಿ ಆಕೆ ಏನು ಬೇಕಾದರೂ ಮಾಡುತ್ತಿದ್ದಳು ಎಂಬುದು ನನಗೂ ಟೀಚರಮ್ಮನಷ್ಟೇ ಚೆನ್ನಾಗಿ ಗೊತ್ತಿತ್ತು. ಅವರು ಅದರಿಂದ ಕಲ್ಲು ಎಣಿಸುವುದನ್ನು ಕಲಿಸಿದರು. ನಾನು ಇದನ್ನು ಕಲಿಸಿದೆ.

ಬೊಗಳುವುದರಿಂದ ಹುಡುಗಿಯರಿಗೆ ಬೇಸರವಾದಾಗ ಇನ್ನೊಂದು ಸೇರಿಸಿದೆ. ತಟ್ಟೆಯಲ್ಲಿ ಮಂಡಕ್ಕಿ ಹಾಕಿ ಕಟ್ಟೆಯ ಮೇಲೆ ಇಡುವುದು. ತಂಗಿ ಮೊಣಕಾಲೂರಿ, ಕೈ ಹಚ್ಚದೆ, ನಾಯಿಯ ಜೊತೆಗೆ ಬಾಯಿ ಹಾಕಿ ತಿನ್ನಬೇಕು. ತಿಂದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಒಂದು ಭಾನುವಾರ ಹೀಗೆ ಆಡಿಸುತ್ತಿದ್ದಾಗ ನನ್ನ ಸೋದರಮಾವ ಬಂದ. ಅವನು ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುವ ಕೆಲಸದವನು; ಜೊತೆಗೆ ಮೈಲಾರಲಿಂಗನ ದೀಕ್ಷೆ ಪಡೆದ ಗೊರವಯ್ಯ. ಅವ್ವನ ತವರಿಗೆ ಮೈಲಾರಲಿಂಗನೇ ಮನೆದೇವರು. ಆ ದೇವರಿಗೆ ನಾಯಿ ಬಲು ಪ್ರೀತಿ. ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ಹರಕೆ ಹೊತ್ತವರು ದೋಣಿ ಎನ್ನುವ ಮರದ ಪಾತ್ರೆಯಲ್ಲಿ ಅನ್ನ, ಹಾಲು, ಬಾಳೆಹಣ್ಣು ಕಲಸಿಟ್ಟರೆ ಕರಿಕಂಬಳಿಯ ಗೊರವಯ್ಯಗಳು ಮೊಣಕಾಲೂರಿ, ಬೊಗಳುತ್ತ, ದೋಣಿಗೆ ಬಾಯಿ ಹಾಕಿ ತಿನ್ನುತ್ತಾರೆ. ನೋಡುವವರು ಅದಕ್ಕೆ ನಗುವುದಿಲ್ಲ. ಕೈಮುಗಿಯುತ್ತಾರೆ.

ಮಾಮ ಕಂಡದ್ದು ಅದನ್ನೇ. ಮಾತು ಬಾರದ ಆರು ವರ್ಷದ ಕೂಸು, ದೇವರ ವಾರವಾದ ಭಾನುವಾರ, ನಾಯಿಯ ಪಕ್ಕ ಮೊಣಕಾಲೂರಿ ಬೊಗಳುತ್ತಿದೆ. ಹುಡುಗಿಯರು ಓಡಿಹೋದರು. ಮಾಮ ಚಪ್ಪಲಿ ಬಿಟ್ಟು, ಹೆಗಲ ಕಂಬಳಿ ಕೆಳಗಿಟ್ಟು, ಓಣಿಯ ಮಣ್ಣಿನಲ್ಲಿ ತಂಗಿಗೆ ಉದ್ದಕ್ಕೆ ಅಡ್ಡಬಿದ್ದ. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು.

"ಯಾವಾಗಿನಿಂದ ಹಿಂಗ ಮಾಡಾಕತ್ಯಾಳ?"

"ಎಂಟು ದಿನ ಆತು, ಮಾಮ."

"ಯಾರರ ಕಲಿಸ್ಯಾರೇನು? ನನ್ನ ಮಾರಿ ನೋಡಿ ಹೇಳು."

ನನ್ನ ಮುಷ್ಟಿಯೊಳಗೆ ಬೆಲ್ಲದ ಚೂರು ಬೆವರಿಗೆ ಕರಗಿ ಅಂಟಿಕೊಂಡಿತ್ತು. ಬೈಗುಳಕ್ಕೆ ಹೆದರಿ ಹೇಳಿದೆ: "ಯಾರೂ ಕಲಿಸಿಲ್ಲ. ತಾನಾ ಮಾಡಾಕತ್ಯಾಳ."

ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಿದ್ದಳು. ಮಾಮ ಅವಳಿಗೆ, "ತಂಗೀ, ನೀ ಹುಚ್ಚಿನ್ನ ಹಡದಿಲ್ಲ. ಮೈಲಾರಪ್ಪ ನಿನ್ನ ಹೊಟ್ಟ್ಯಾಗ ಬಂದಾನ" ಎಂದ. ಅವ್ವನ ಮುಖ ಆಗ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಆರು ವರ್ಷ ಒಲೆಯ ಕಡೆ ತಿರುಗಿಸಿಟ್ಟುಕೊಂಡಿದ್ದ ಮುಖ ಅದು. ಸಂಜೆಯ ಹೊತ್ತಿಗೆ ಅಜ್ಜಿಯೇ ಅವಳಿಗೆ ಕೂರಲು ಮಣೆ ಹಾಕಿದಳು. ಬೆದರಿ ಹೇಳಿದ ಸುಳ್ಳನ್ನು ಮರುದಿನ ತಿದ್ದಬಹುದಿತ್ತು. ಅವ್ವನ ಮುಖ ನೋಡಿ ತಿದ್ದಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಹುಚ್ಚಿಯ ಅಕ್ಕನಾಗಿದ್ದ ನಾನು ದೇವರ ಕೂಸಿನ ಅಕ್ಕನಾಗಿದ್ದೆ. ಅದು ನನಗೆ ಸೇರಿತ್ತು.

ಜನ ಬರತೊಡಗಿದರು. ತಂಗಿಯ ಕಾಲು ಮುಟ್ಟುವರು, ಹಣೆಗೆ ಭಂಡಾರದ ಅರಿಶಿನ ಹಚ್ಚುವರು. ಮುಟ್ಟಿದರೆ ಆಕೆ ನಡುಗುವಳು. ದೇವರು ಮೈಮೇಲೆ ಬಂತು ಎನ್ನುವರು. ಪಾಠಕ್ಕೆ ಹೋಗುವುದು ನಿಂತುಹೋಯಿತು. ನಾಲ್ಕೈದು ದಿನ ನೋಡಿ ಟೀಚರಮ್ಮ ನಮ್ಮ ಮನೆಗೇ ಬಂದರು.

"ಅಕ್ಕಾ, ಸಿಟ್ಟಿಗೇಳಬ್ಯಾಡ್ರಿ. ಇದು ದೇವರಲ್ಲ. ಕೂಸಿಗೆ ಯಾರೋ ಆಟ ಕಲಿಸ್ಯಾರ. ನಿಮ್ಮ ಕಟ್ಟಿ ಮ್ಯಾಲೆ ಹುಡುಗೇರು ನಗೋದು ನಾ ಕೇಳೀನಿ, ಕೂಸಿನ ಕೈಯಾಗ ಬೆಲ್ಲಾನೂ ಕಂಡೀನಿ."

ಅಜ್ಜಿ ಮುಂದೆ ಬಂದಳು. "ನಿಮ್ಮ ದೇವರು ನಿಮಗ, ನಮ್ಮ ದೇವರು ನಮಗ. ನಮ್ಮ ಮೈಲಾರಪ್ಪನ ವಿಚಾರ ನಿಮಗೇನ್ ತಿಳೀತೈತ್ರಿ?"

ಟೀಚರಮ್ಮ ಅಜ್ಜಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀನಾ ಹೇಳಮ್ಮಾ. ಬೆಲ್ಲ ಕೊಟ್ಟಾಕಿ ನೀ ಅಲ್ಲೇನು?"

"ಅಲ್ರಿ."

ಅವರು ಬೈಯಲಿಲ್ಲ. "ಸರಿ. ನಾಯಿನ ಚಂದಾಗಿ ನೋಡಿಕೋರಿ" ಎಂದು ಹೋದರು. ಅವರು ಮೆಟ್ಟಿಲು ಇಳಿಯುವಾಗ ಅಜ್ಜಿ ಕೇಳಿಸುವಂತೆ, "ಸಾಲಿಗೆ ಒಂದು ಕೂಸು ಕಡಿಮಿ ಆತಂತ ಹೊಟ್ಟಿ ಉರೀತೈತಿ" ಎಂದಳು. ಆ ಮಾತು ಅವರಿಗೆ ಬೀಳುವಂತೆ ಮಾಡಿದ್ದೂ ನಾನೇ.

ಮುಂದಿನ ಭಾನುವಾರ ಮಾಮನ ಮನೆಯಲ್ಲಿ ದೋಣಿ ತುಂಬಿಸುವ ಕಾರ್ಯ ಇಟ್ಟುಕೊಂಡರು. ಕಲ್ಲಿನ ಲಾರಿಯಲ್ಲಿ ನಮ್ಮನ್ನೆಲ್ಲ ಕುರುಗೋಡಿಗೆ ಕರೆದೊಯ್ದರು, ನಾಯಿಯನ್ನೂ. ಅಂಗಳದ ತುಂಬ ಜನ. ನಾಯಿಗೆ ಚೆಂಡುಹೂವಿನ ಹಾರ ಹಾಕಿ ಮೈತುಂಬ ಭಂಡಾರ ಎರಚಿದರು. ತಂಗಿಗೆ ಪುಟ್ಟ ಕರಿಕಂಬಳಿ ಹೊಲಿಸಿದ್ದರು. ಒರಟು ಉಣ್ಣೆ, ಆಕೆ ಹೊಸ ಲಂಗವನ್ನೇ ಮೈಮೇಲೆ ತಡೆಯದವಳು. ಆರೇಳು ಗೊರವಯ್ಯಗಳು ಸುತ್ತ ನಿಂತು ಒಟ್ಟಿಗೆ ಡಮರುಗ ಬಾರಿಸಿದರು. ಏಳುಕೋಟಿ ಏಳುಕೋಟಿಗೋ ಎಂದು ಜನ ಕೂಗಿದರು. ತಂಗಿ ಕಿವಿ ಮುಚ್ಚಿಕೊಂಡು ಹಣೆ ಹಚ್ಚಲು ಗೋಡೆ ಹುಡುಕಿದಳು. ನಡು ಅಂಗಳದಲ್ಲಿ ಗೋಡೆ ಇರಲಿಲ್ಲ. ನಾಯಿಯ ಬೆನ್ನಿಗೆ ಮುಖ ಒತ್ತಿಕೊಂಡಳು.

ಅಷ್ಟೇ ಆಗಿದ್ದರೆ ಹೇಗೋ ಕಳೆಯುತ್ತಿತ್ತು. ಒಬ್ಬ ಮುದುಕ, ನಾಯಿ ಮೊದಲು ದೋಣಿಗೆ ಬಾಯಿ ಹಾಕಬೇಕೆಂದು ಅದರ ಕೊರಳ ಹಗ್ಗ ಹಿಡಿದು ಎಳೆದ. ಇನ್ನೊಬ್ಬ ತಂಗಿಯನ್ನು ಹಿಂದಿನಿಂದ ಎತ್ತಿದ. ಆಕೆ ಕಿರುಚಿದಳು. ನಾಯಿ ತಿರುಗಿ ಎತ್ತಿದವನ ಕೈ ಕಚ್ಚಿತು. ಡಮರುಗ ನಿಂತಿತು.

"ದೇವರ ನಾಯಿ ಮನಶಾರಿಗೆ ಬಾಯಿ ಹಾಕತೈತೇನಲೇ?" ಎಂದು ಯಾರೋ ಕೂಗಿದರು. "ಇದು ಮೈಲಾರಪ್ಪಂದಲ್ಲ. ಹೊಡೀರಿ ಅದನ್ನ."

ನಾಲ್ಕು ಜನ ಕೋಲು ತೆಗೆದುಕೊಂಡರು. ಮಾಮ ಅಡ್ಡ ಬಂದು, "ಸಾಯಿಸಬ್ಯಾಡ್ರಿ, ದೂರ ಬಿಟ್ಟು ಬರತೀನಿ" ಎಂದು ಅದನ್ನು ಗೋಣಿಚೀಲದಲ್ಲಿ ತುಂಬಿ ಲಾರಿಗೆ ಹಾಕಿದ. ಸಿರುಗುಪ್ಪದ ದಾರಿಯಲ್ಲಿ ಕಾಲುವೆ ದಾಟಿಸಿ ಬಿಟ್ಟುಬಂದನಂತೆ. ಲಾರಿ ಹೊರಡುವಾಗ ನಾನು ಅಂಗಳದಲ್ಲೇ ಇದ್ದೆ. ಆಗಲಾದರೂ, ಇದೆಲ್ಲ ನಾನು ಕಲಿಸಿದ್ದು, ದೇವರೂ ಇಲ್ಲ ಏನೂ ಇಲ್ಲ, ಆ ನಾಯಿಯನ್ನು ಆಕೆಗೆ ಕೊಟ್ಟುಬಿಡಿ ಎನ್ನಬಹುದಿತ್ತು. ಅನ್ನಲಿಲ್ಲ.

ಬಳ್ಳಾರಿಗೆ ಬಂದ ಮೇಲೆ ತಂಗಿ ಹಿತ್ತಲ ಬಾಗಿಲಲ್ಲಿ ನಿಂತು ಬೊಗಳತೊಡಗಿದಳು. ಬೆಲ್ಲಕ್ಕಲ್ಲ. ಬೊಗಳಿ, ನಿಲ್ಲಿಸಿ, ಕಿವಿಗೊಟ್ಟು ಕೇಳುವಳು. ಮತ್ತೆ ಬೊಗಳುವಳು. ಇಪ್ಪತ್ತು ದಿನ ಹೀಗೆ ಮಾಡಿದಳು. ಆಮೇಲೆ ಬೊಗಳುವುದೂ ನಿಂತಿತು, ಬಾ ಅನ್ನುವುದೂ ನಿಂತಿತು. ಅಪ್ಪ ಎರಡು ಭಾನುವಾರ ಸೈಕಲ್ ತೆಗೆದುಕೊಂಡು ಕಾಲುವೆಯ ಗುಂಟ ಹುಡುಕಿಕೊಂಡು ಬಂದ. ಎರಡನೆಯ ಸಲ ಬಂದವನು ಮುಖ ತೊಳೆದು, "ಇಲ್ಲ" ಎಂದಷ್ಟೇ ಹೇಳಿ ಗೋಡೆಗೊರಗಿ ಕೂತ. ಅವ್ವ ತಂಗಿಯನ್ನು ಒಮ್ಮೆ ಟೀಚರಮ್ಮನ ಮನೆಗೆ ಕರೆದೊಯ್ದಳು. ಅವರು ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಾಗಿಲಿಗೆ ಬಂದು ಕರೆದರು. ತಂಗಿ ಮೆಟ್ಟಿಲು ಹತ್ತಲೇ ಇಲ್ಲ. ಮನೆಗೆ ಬಂದು ಕೈಯನ್ನು ಉಗುರಿನಿಂದ ಕೆರೆದುಕೊಳ್ಳತೊಡಗಿದಳು. ಆ ಕೆರೆತ ಕೊನೆಯವರೆಗೂ ಹೋಗಲಿಲ್ಲ.

ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಗಂಡ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಅಪ್ಪ, ಆಮೇಲೆ ಅವ್ವ ಹೋದ ಮೇಲೆ ತಂಗಿ ನಮ್ಮ ಮನೆಗೆ ಬಂದಳು. ಆಕೆಗೆ ಆಗ ಇಪ್ಪತ್ತೆರಡು. ಜನ ನನ್ನನ್ನು ಹೊಗಳಿದರು. ಹಿಂಥಾ ತಂಗಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದರು.

ಒಮ್ಮೆ ಬಳ್ಳಾರಿಯ ಆಸ್ಪತ್ರೆಗೆ ಬೆಂಗಳೂರಿನ ಡಾಕ್ಟರೊಬ್ಬರು ಬರುತ್ತಾರೆಂದು ಗಂಡ ಕೇಳಿಕೊಂಡು ಬಂದ. ತೋರಿಸಿದೆವು. ವಯಸ್ಸಾದವರು, ತಾಳ್ಮೆಯವರು. "ಇದು ಹುಚ್ಚಲ್ಲಮ್ಮ. ಆಟಿಸಂ ಅಂತಾರೆ. ಹುಟ್ಟಿನಿಂದಲೇ ಇರುತ್ತೆ, ಯಾರ ತಪ್ಪೂ ಅಲ್ಲ" ಎಂದರು. ಅವ್ವ ಇದನ್ನು ಕೇಳಬೇಕಿತ್ತು ಅನ್ನಿಸಿತು. ಆಮೇಲೆ ಅವರು ಕೇಳಿದರು: "ಚಿಕ್ಕವಳಿದ್ದಾಗ ಯಾವುದಾದರೂ ಪ್ರಾಣಿ ಹಚ್ಚಿಕೊಂಡಿದ್ದಳಾ? ನಾಯಿ, ಬೆಕ್ಕು? ಹೊರದೇಶದಲ್ಲಿ ಕೆಲವರು ಇಂಥ ಮಕ್ಕಳ ಹತ್ತಿರ ನಾಯಿ ಬಿಟ್ಟು ನೋಡ್ತಿದ್ದಾರೆ. ಮನುಷ್ಯರ ಹತ್ತಿರ ಬಾರದವರು ನಾಯಿ ಹತ್ತಿರ ಬರ್ತಾರಂತೆ. ದೊಡ್ಡವಳಾದರೂ ಪ್ರಯತ್ನ ಮಾಡಬಹುದು."

"ಇಲ್ರಿ ಸಾಹೇಬ್ರ, ಅಂಥಾದ್ದೇನೂ ಇದ್ದಿಲ್ಲ" ಎಂದೆ. ಹೂಂ ಅಂದಿದ್ದರೆ, ಆ ನಾಯಿ ಏನಾಯಿತು ಎಂದು ಕೇಳುತ್ತಿದ್ದರು. ಗಂಡ ಪಕ್ಕದಲ್ಲೇ ಕೂತಿದ್ದ.

ಅದಾಗಿ ಒಂದು ತಿಂಗಳೂ ಆಗಿರಲಿಲ್ಲ. ಗಿರಣಿಯ ತೌಡಿನ ರಾಶಿಯ ಹಿಂದೆ ನಾಯಿಯೊಂದು ಮರಿ ಹಾಕಿತ್ತು. ಗಂಡನಿಗೆ ಬುತ್ತಿ ಕೊಡಲು ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ತಿರುಗಿ ಮನೆಗೆ ಬಂದು ನೋಡಿದರೆ ಆಕೆಯ ಸೆರಗಿನೊಳಗೆ ಒಂದು ಮರಿ. ಹಿತ್ತಲಲ್ಲಿ ಕೂತು ಸಂಜೆಯವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಷ್ಟು ಹೊತ್ತೂ ಕೈ ಕೆರೆದುಕೊಳ್ಳಲಿಲ್ಲ.

ಗಂಡ ಬಂದು ನೋಡಿ, "ಇರಲಿ ಬಿಡು. ಒಂದು ಮುಷ್ಟಿ ಅನ್ನ ತಿಂತೈತಿ, ಬಿದ್ದಿರತೈತಿ" ಎಂದ.

"ಬ್ಯಾಡ. ನಾಳಿ ಯಾರಿಗರ ಕಚ್ಚಿದ್ರ?"

"ಅದಕ್ಕಿನ್ನೂ ಹಲ್ಲಾ ಬಂದಿಲ್ಲಲೇ!"

ನಾನು ಕೇಳಲಿಲ್ಲ. ಮರಿಯನ್ನು ಎತ್ತಿಕೊಂಡು ಹೋಗಿ ಗಿರಣಿಯಲ್ಲಿ ಬಿಟ್ಟುಬಂದೆ. ತಂಗಿ ಅಳಲಿಲ್ಲ, ಹಿಂದೆ ಬರಲಿಲ್ಲ. ಹಿತ್ತಲಲ್ಲಿ ನಾಯಿ ಇದ್ದರೆ ನಾನು ದಿನಾ ಅದನ್ನು ನೋಡಬೇಕಿತ್ತು. ಆಕೆ ಮತ್ತೆ ಒಂದು ಮಾತು ಆಡಿಬಿಟ್ಟರೆ, ನಾನು ಆಕೆಯಿಂದ ಕಸಿದದ್ದು ಎಷ್ಟೆಂದು ಎಲ್ಲರಿಗೂ ಕಾಣುತ್ತಿತ್ತು. ಅದಕ್ಕೆ ಹೆದರಿದೆ. ಬೇರೆ ಕಾರಣ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಆಕೆಗೆ ಕಾಮಾಲೆ ಬಂತು. ಎಲ್ಲಿ ನೋಯುತ್ತದೆಂದು ಹೇಳಲು ಆಕೆಗೆ ಬರಲಿಲ್ಲ. ನಮಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಆಕೆ ತೀರಿಕೊಂಡ ಮೂರನೆಯ ದಿನ ಮಾಮ ಕುರುಗೋಡಿನಿಂದ ಬಂದ. ಈಗ ಅವನಿಗೆ ಬೆನ್ನು ಬಾಗಿದೆ. ಕಲ್ಲಿನ ಸದ್ದಿಗೆ ಕಿವಿಯೂ ಮಂದ. ಚೀಲದಿಂದ ಭಂಡಾರ ತೆಗೆದು ತಂಗಿ ಮಲಗುತ್ತಿದ್ದ ಜಾಗಕ್ಕೆ ಹಾಕಿ, "ನಾಯಿ ತಪ್ಪು ಮಾಡಿರಬಹುದು, ಕೂಸು ಮಾತ್ರ ಮೈಲಾರಪ್ಪಂದಾ" ಎಂದು ಕೈಮುಗಿದ. ನನಗೆ ತಡೆಯಲಾಗಲಿಲ್ಲ.

"ಮಾಮ, ಆಕಿಗೆ ಬೊಗಳೋದು ನಾ ಕಲಿಸಿದ್ದು."

"ಏನಂದಿ?"

ಮನೆಯಲ್ಲಿ ಹತ್ತು ಜನ ಇದ್ದರು. ಜೋರಾಗಿ ಹೇಳಬೇಕಾಯಿತು. "ಬೊಗಳೋದು, ತಟ್ಟಿಗೆ ಬಾಯಿ ಹಾಕೋದು, ಎಲ್ಲಾ ನಾ ಕಲಿಸಿದ್ದು. ಬೆಲ್ಲ ಕೊಟ್ಟು. ನಿನಗ ಸುಳ್ಳು ಹೇಳಿದ್ದೆ."

ಮಾಮ ಭಂಡಾರದ ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟ. "ಆವಾಗ ನಿನಗೆಷ್ಟು ವಯಸ್ಸು?"

"ಹದಿನಾಕು."

"ಹದಿನಾಕು ವರ್ಷದ ಹುಡುಗಿ ಮಾತಿನ ಮ್ಯಾಲೆ ನಾ ದೇವರನ್ನ ಕೂಡ್ರಿಸಿದೆ. ದೀಕ್ಷಾ ತಗೊಂಡಾವ ನಾನು, ನನಗ ತಿಳೀಬೇಕಿತ್ತು. ತಪ್ಪು ನಂದು." ಕೈಯನ್ನು ನನ್ನ ತಲೆಯ ಮೇಲಿಟ್ಟ. "ನೀ ಸಣ್ಣಾಕಿದ್ದಿ ಯವ್ವಾ. ಮನಸಿಗೆ ಹಚ್ಚಿಕೋಬ್ಯಾಡ."

ಕೂತವರೆಲ್ಲ ಹೌದೌದು, ಸಣ್ಣಾಕಿ ಎಂದರು. ಗಂಡನೂ ಎಂದ. ಗಿರಣಿಯಲ್ಲಿ ಮರಿಯನ್ನು ಬಿಟ್ಟುಬಂದ ದಿನ ನನಗೆ ಮೂವತ್ತೊಂದು ವರ್ಷ. ಅದನ್ನು ನಾನು ಹೇಳಲಿಲ್ಲ. ಮಾಮನ ಕೈ ತಲೆಯ ಮೇಲೆ ಇತ್ತು. ಅವನು ತಾನಾಗಿ ತೆಗೆಯುವವರೆಗೂ ತಲೆ ಬಗ್ಗಿಸಿಕೊಂಡು ಕೂತಿದ್ದೆ.